ಟೂರಿಂಗ್ ಬೈಕಿನ ಚಾರ್ಜಿಂಗ್ ದೋಷ: ಮೊದಲು ಮೀಟರ್, ಆಮೇಲೆ ಸ್ಪೇರ್

ಬೆಳಿಗ್ಗೆ ಬೈಕು ಒಂದೇ ಸೆಲ್ಫ್ ಹೊಡೆತಕ್ಕೆ ಸ್ಟಾರ್ಟ್ ಆಗುತ್ತದೆ. ಇನ್ನೂರು ಕಿಲೋಮೀಟರ್ ಓಡಿಸಿ ಊಟಕ್ಕೆ ನಿಲ್ಲಿಸಿ ಮತ್ತೆ ಬಟನ್ ಒತ್ತಿದರೆ ಸೀಟಿನ ಕೆಳಗೆ ಟಕಟಕ ಸದ್ದು, ಡ್ಯಾಶ್‌ನಲ್ಲಿ ಗಡಿಯಾರ ಸೊನ್ನೆಗೆ ಬಂದು ನಿಂತಿರುತ್ತದೆ. ಸ್ಪೋರ್ಟ್ ಟೂರಿಂಗ್ ಬೈಕನ್ನು ಎಂಟು, ಹತ್ತು ವರ್ಷ ಇಟ್ಟುಕೊಂಡವರು ಒಂದಲ್ಲ ಒಂದು ದಿನ ಈ ಲಕ್ಷಣ ನೋಡುತ್ತಾರೆ. ಬಹುತೇಕ ಗ್ಯಾರೇಜುಗಳಲ್ಲಿ ಇದಕ್ಕೆ ಸಿಗುವ ಮೊದಲ ಉತ್ತರ ಹೊಸ ಬ್ಯಾಟರಿ. ಎರಡು ತಿಂಗಳಾದ ಮೇಲೆ ಅದೂ ಸತ್ತಾಗ, ಚಾರ್ಜಿಂಗ್ ವೋಲ್ಟೇಜ್ ಹತೋಟಿಯಲ್ಲಿಡುವ ಆರ್‌ಆರ್ ಯೂನಿಟ್. ಅದೂ ಸುಟ್ಟರೆ ಕರೆಂಟ್ ಹುಟ್ಟಿಸುವ ಸ್ಟೇಟರ್. ಮೂರೂ ಬದಲಾಗಿ ಸಾಕಷ್ಟು ದುಡ್ಡು ಹೋದ ಮೇಲೆ ನೋಡಿದರೆ ಮೂಲ ದೋಷ ಇದ್ದದ್ದು ಮೂರು ಹಳದಿ ವೈರುಗಳನ್ನು ಕೂಡಿಸುವ ಒಂದು ಪ್ಲಾಸ್ಟಿಕ್ ಕಪ್ಲರ್‌ನಲ್ಲಿ.

ಈ ಕೈಪಿಡಿಯ ಕ್ರಮ ಸರಳ: ಅಳೆಯದೆ ಯಾವುದನ್ನೂ ಕೊಳ್ಳಬೇಡಿ. ಅಳೆಯಲು ಒಂದು ಮಲ್ಟಿಮೀಟರ್ ಮತ್ತು ಒಂದು ಮಧ್ಯಾಹ್ನ ಸಾಕು. ಮುಖ್ಯ ಉದಾಹರಣೆಯಾಗಿ ಹೋಂಡಾ ವಿಎಫ್ಆರ್ 800 ಇದೆ. 1998ರಲ್ಲಿ ಬಂದ, 2002ರಲ್ಲಿ ವಿಟೆಕ್ ಎಂಬ ಹೊಸ ವಾಲ್ವ್ ವ್ಯವಸ್ಥೆಯ ಎಂಜಿನ್ ಪಡೆದ ಈ ಬೈಕು ಎಂಜಿನ್ ಗಟ್ಟಿತನಕ್ಕೆ ಎಷ್ಟು ಹೆಸರುವಾಸಿಯೋ ಆರ್‌ಆರ್ ಸುಡುವುದಕ್ಕೂ ಅಷ್ಟೇ ಹೆಸರುವಾಸಿ. ಕವಾಸಾಕಿ ನಿಂಜಾ 1000, ಯಮಹಾ ಎಫ್‌ಜೆಆರ್ 1300 ಇವುಗಳಲ್ಲೂ ವ್ಯವಸ್ಥೆ ಒಂದೇ. ವೈರಿನ ಬಣ್ಣ, ಕಪ್ಲರ್ ಇರುವ ಜಾಗ ಬೇರೆ, ಅಷ್ಟೇ.

ಕರೆಂಟ್ ಹೇಗೆ ಹುಟ್ಟುತ್ತದೆ, ಎಲ್ಲಿ ಬಿಸಿಯಾಗುತ್ತದೆ

ಕ್ರ್ಯಾಂಕ್‌ಶಾಫ್ಟಿನ ತುದಿಯಲ್ಲಿ ಮ್ಯಾಗ್ನೆಟ್ ತಿರುಗುತ್ತದೆ. ಅದರೊಳಗೆ ಅಲುಗದೆ ಕೂತಿರುವ ತಾಮ್ರದ ಸುರುಳಿಯೇ ಸ್ಟೇಟರ್. ಗ್ಯಾರೇಜಿನಲ್ಲಿ ಇದನ್ನೇ ಮ್ಯಾಗ್ನೆಟ್ ಕಾಯಿಲ್ ಅನ್ನುತ್ತಾರೆ. ಅದರಿಂದ ಮೂರು ಫೇಸ್ ಎಸಿ ಕರೆಂಟ್ ಮೂರು ವೈರುಗಳಲ್ಲಿ ಹೊರಬರುತ್ತದೆ. ಹೋಂಡಾದಲ್ಲಿ ಮೂರೂ ಹಳದಿ. ಆರ್‌ಆರ್, ಅಂದರೆ ರೆಗ್ಯುಲೇಟರ್ ರೆಕ್ಟಿಫೈಯರ್, ಅದನ್ನು ಡಿಸಿ ಮಾಡಿ ಸುಮಾರು 14.4 ವೋಲ್ಟಿಗೆ ಕಟ್ಟಿಹಾಕುತ್ತದೆ.

ಕಟ್ಟಿಹಾಕುವ ರೀತಿ ಗೊತ್ತಿದ್ದರೆ ಅರ್ಧ ದೋಷ ತಾನಾಗಿಯೇ ಅರ್ಥವಾಗುತ್ತದೆ. ಹಳೆಯ ಬೈಕುಗಳಲ್ಲಿ ಇರುವುದು ಶಂಟ್ ಮಾದರಿಯ ಆರ್‌ಆರ್. ಬ್ಯಾಟರಿಗೆ ಬೇಡವಾದ ಕರೆಂಟನ್ನು ಇದು ತಡೆಯುವುದಿಲ್ಲ. ಸ್ಟೇಟರಿನ ವೈರುಗಳನ್ನು ಒಳಗೇ ಶಾರ್ಟ್ ಮಾಡಿ ಹಿಂದಕ್ಕೆ ಹರಿಸುತ್ತದೆ. ಹಾಗಾಗಿ ಬೈಕು ಓಡುತ್ತಿರುವಷ್ಟು ಹೊತ್ತೂ ಸ್ಟೇಟರ್ ಹೆಚ್ಚುಕಡಿಮೆ ಪೂರ್ತಿ ಕರೆಂಟ್ ಹೊತ್ತಿರುತ್ತದೆ, ನೀವು ಲೈಟ್ ಹಾಕಿದ್ದರೂ ಅಷ್ಟೇ, ಆರಿಸಿದ್ದರೂ ಅಷ್ಟೇ. ಹೆಡ್‌ಲೈಟಿಗೆ ಎಲ್‌ಇಡಿ ಹಾಕಿಸಿ ಚಾರ್ಜಿಂಗಿಗೆ ಆರಾಮ ಕೊಟ್ಟೆವು ಅಂದುಕೊಳ್ಳುವವರಿದ್ದಾರೆ. ಶಂಟ್ ಆರ್‌ಆರ್ ಇರುವ ಬೈಕಿನಲ್ಲಿ ಆಗುವುದು ತಿರುಗುಮುರುಗು: ಲೈಟ್ ತಿನ್ನದ ಕರೆಂಟನ್ನೂ ಆರ್‌ಆರ್ ತಾನೇ ನುಂಗಿ ಇನ್ನಷ್ಟು ಬಿಸಿಯಾಗುತ್ತದೆ. ಐಡಲ್‌ನಲ್ಲಿ ಬ್ಯಾಟರಿ ವೋಲ್ಟೇಜ್ ಸುಧಾರಿಸುವುದು ನಿಜ, ಆರ್‌ಆರ್‌ನ ಆಯಸ್ಸು ಸುಧಾರಿಸುವುದಿಲ್ಲ.

ವಿಎಫ್ಆರ್‌ನಂಥ ಬೈಕಿನಲ್ಲಿ ಆರ್‌ಆರ್ ಕೂರುವುದು ಸೀಟಿನ ಹಿಂಬದಿಯ ಫೇರಿಂಗಿನೊಳಗೆ, ಅಂದರೆ ಪ್ಲಾಸ್ಟಿಕ್ ಹೊರಕವಚದೊಳಗೆ. ಅಲ್ಲಿ ಗಾಳಿ ಆಡುವುದೇ ಕಡಿಮೆ. ಎರಡೂ ಬದಿ ಪ್ಯಾನಿಯರ್ (ಸಾಮಾನು ಪೆಟ್ಟಿಗೆ) ಹಾಕಿದರೆ ಇರುವ ಗಾಳಿಯೂ ತಪ್ಪುತ್ತದೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಫ್ಯಾನ್ ತಿರುಗಿಸಿಕೊಂಡು ನಿಲ್ಲುವ ಬೈಕಿಗೂ ದುಬೈನ ಜೂನ್ ಬಿಸಿಲಿನಲ್ಲಿ ಓಡುವ ಬೈಕಿಗೂ ಈ ಕಷ್ಟ ಹೆಚ್ಚು. ಇತ್ತ ಮಲೆನಾಡಿನ ಮಳೆಯಲ್ಲಿ ವರ್ಷವರ್ಷ ಓಡಿದ ಬೈಕಿನಲ್ಲಿ ಆರ್‌ಆರ್‌ಗಿಂತ ಮೊದಲು ಕೈಕೊಡುವುದು ಕಪ್ಲರ್ ಮತ್ತು ಅರ್ಥಿಂಗ್.

ಲಕ್ಷಣ ನೋಡಿ ದಾರಿ ಆರಿಸಿಕೊಳ್ಳಿ

ಓಡಿಸಿದ ಮೇಲೆ ಬ್ಯಾಟರಿ ಇಳಿದಿದ್ದರೆ ಚಾರ್ಜಿಂಗ್ ದೋಷ. ವಾರಗಟ್ಟಲೆ ನಿಲ್ಲಿಸಿದ ಮೇಲೆ ಮಾತ್ರ ಇಳಿಯುತ್ತಿದ್ದರೆ ಬ್ಯಾಟರಿಗೆ ವಯಸ್ಸಾಗಿದೆ, ಇಲ್ಲವೇ ಎಲ್ಲೋ ಕರೆಂಟ್ ಸೋರುತ್ತಿದೆ. ಗುಂಡಿಗೆ ಬಿದ್ದಾಗ ಇಲ್ಲವೇ ಹ್ಯಾಂಡಲ್ ತಿರುಗಿಸಿದಾಗ ಡ್ಯಾಶ್ ಪೂರ್ತಿ ಆರಿ ಮತ್ತೆ ಹತ್ತಿಕೊಂಡರೆ ಸಡಿಲ ಟರ್ಮಿನಲ್, ಇಗ್ನಿಷನ್ ಸ್ವಿಚ್ ಅಥವಾ ಅರ್ಥಿಂಗ್ ಜಾಯಿಂಟ್. 2006ರಿಂದ ಬಂದ ಎರಡನೇ ಪೀಳಿಗೆಯ ಎಫ್‌ಜೆಆರ್ 1300ರಲ್ಲಿ ಹಲವು ಅರ್ಥ್ ವೈರುಗಳನ್ನು ಒಟ್ಟುಮಾಡುವ ಪುಟ್ಟ ಜಾಯಿಂಟ್ ಕಪ್ಲರ್‌ಗಳು ತುಕ್ಕು ಹಿಡಿದು ಸುಡುತ್ತಿದ್ದವು. ಸ್ಟೇಟರ್ ಸರಿ, ಆರ್‌ಆರ್ ಸರಿ, ಆದರೂ ಬೈಕು ದಾರಿಯಲ್ಲಿ ಬಂದ್. ಅಂಥ ಬೈಕಿದ್ದರೆ ಆ ಜಾಯಿಂಟನ್ನೇ ಮೊದಲು ಬಿಚ್ಚಿ ನೋಡಿ.

ಎಬಿಎಸ್ ದೀಪ ಕಾರಣವಿಲ್ಲದೆ ಹತ್ತುವುದೂ ಒಂದು ಸುಳಿವು. ವೋಲ್ಟೇಜ್ ಇಳಿದರೆ ಎಬಿಎಸ್ ಯೂನಿಟ್ ತಾನೇ ಕೆಲಸ ನಿಲ್ಲಿಸಿ ದೀಪ ಹಾಕುತ್ತದೆ. ವೀಲ್ ಸೆನ್ಸರ್ ಹುಡುಕಿಕೊಂಡು ಹೋಗುವ ಮೊದಲು ಬ್ಯಾಟರಿಗೆ ಮೀಟರ್ ಇಟ್ಟು ನೋಡಿ.

ಬಲ್ಬುಗಳು ಪದೇ ಪದೇ ಸುಡುವುದು, ಬ್ಯಾಟರಿಯ ಪಕ್ಕೆ ಉಬ್ಬುವುದು, ಸೀಟಿನ ಕೆಳಗೆ ಕೊಳೆತ ಮೊಟ್ಟೆಯ ವಾಸನೆ, ಇವು ಓವರ್‌ಚಾರ್ಜಿಂಗಿನ ಗುರುತು. ಇಂಥ ಬೈಕನ್ನು ಮನೆವರೆಗೆ ಓಡಿಸುವುದೂ ಸರಿಯಲ್ಲ. ಎಂಜಿನ್ ನಡೆಸುವ ಕಂಪ್ಯೂಟರ್ ಆದ ಇಸಿಯು ಹೋದರೆ ನಷ್ಟ ಬ್ಯಾಟರಿಯ ಹತ್ತು ಪಟ್ಟು.

ಬೇಕಾದ ಸಾಮಾನು

ಡಿಜಿಟಲ್ ಮಲ್ಟಿಮೀಟರ್, ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಪರೀಕ್ಷೆ ಮತ್ತು 10 ಆಂಪ್ ರೇಂಜ್ ಇರುವಂಥದ್ದು. ಕಪ್ಲರ್‌ನ ಹಿಂಬದಿಯಿಂದ ತೂರಿಸಲು ಎರಡು ಗುಂಡುಸೂಜಿ. ಬ್ಯಾಟರಿ ಚಾರ್ಜರ್. ಎಂಜಿನ್ ಓಡುತ್ತಿರುವಾಗ ಮಾಡುವ ಪರೀಕ್ಷೆಗಳಿಗೆ ಬೈಕು ಗಾಳಿಯಾಡುವ ಜಾಗದಲ್ಲಿ ಸೆಂಟರ್ ಸ್ಟ್ಯಾಂಡಿನ ಮೇಲೆ, ನ್ಯೂಟ್ರಲ್‌ನಲ್ಲಿ ಇರಲಿ. ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಬಿಸಿ ಕಪ್ಲರ್ ಹಿಡಿಯಲು ಬಹಳ ಉಪಯೋಗ. ಮುಟ್ಟಿ ನೋಡಿಯೂ ಗೊತ್ತಾಗುತ್ತದೆ, ಬೆರಳು ಜೋಪಾನ.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಟರ್ಮಿನಲ್ ಬಿಚ್ಚಿ, ಬೈಕು ನಿಲ್ಲದಿದ್ದರೆ ಚಾರ್ಜಿಂಗ್ ಸರಿ ಎಂದು ತೀರ್ಮಾನಿಸುವ ಅಭ್ಯಾಸ ಹಳೆಯ ಮೆಕ್ಯಾನಿಕ್ಕುಗಳಲ್ಲಿ ಇನ್ನೂ ಇದೆ. ಕಾರ್ಬ್ಯುರೇಟರ್ ಕಾಲದ ಚಿಕ್ಕ ಬೈಕಿನಲ್ಲಿ ಅದು ನಡೆದಿರಬಹುದು. ಫ್ಯೂಯಲ್ ಇಂಜೆಕ್ಷನ್ ಇರುವ ಬೈಕಿನಲ್ಲಿ ಹಾಗೆ ಮಾಡಿದರೆ ವೋಲ್ಟೇಜ್ ಒಮ್ಮೆಲೇ ಹಾರಿ ಇಸಿಯು, ಡ್ಯಾಶ್, ಆರ್‌ಆರ್ ಯಾವುದು ಬೇಕಾದರೂ ಸುಡಬಹುದು. ಯಾರಾದರೂ ಟರ್ಮಿನಲ್ಲಿಗೆ ಸ್ಪ್ಯಾನರ್ ಹಾಕಿದರೆ ಕೈ ಹಿಡಿದು ನಿಲ್ಲಿಸಿ.

ಒಂದನೇ ಪರೀಕ್ಷೆ: ಬ್ಯಾಟರಿ

ದುರ್ಬಲ ಬ್ಯಾಟರಿ ಇಟ್ಟುಕೊಂಡು ಮಾಡಿದ ಮಿಕ್ಕ ಪರೀಕ್ಷೆಗಳೆಲ್ಲ ಸುಳ್ಳು ಹೇಳುತ್ತವೆ. ಆದ್ದರಿಂದ ಬ್ಯಾಟರಿಯನ್ನು ಮೊದಲು ಪೂರ್ತಿ ಚಾರ್ಜ್ ಮಾಡಿ. ಚಾರ್ಜಿಂಗ್ ಕರೆಂಟ್ ಸಾಮರ್ಥ್ಯದ ಹತ್ತನೇ ಒಂದು ಭಾಗ. 11 ಆಂಪ್ ಅವರ್ ಬ್ಯಾಟರಿಗೆ ಸುಮಾರು 1.1 ಆಂಪ್. ಚಾರ್ಜರ್ ತೆಗೆದು ಕೆಲವು ಗಂಟೆ ಬಿಟ್ಟು ಅಳೆಯಿರಿ, ಆಗಷ್ಟೇ ತೆಗೆದಾಗ ಕಾಣುವ 13ರ ಮೇಲಿನ ಅಂಕಿಗೆ ಅರ್ಥವಿಲ್ಲ. ಸೀಲ್ಡ್ ಎಜಿಎಂ (ನೀರು ಹಾಕಬೇಕಿಲ್ಲದ ಲೆಡ್ ಆಸಿಡ್) ಬ್ಯಾಟರಿಯಲ್ಲಿ 12.8 ವೋಲ್ಟ್ ಎಂದರೆ ಪೂರ್ತಿ, 12.5 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಖಾಲಿ ಎಂದೇ ಲೆಕ್ಕ.

ಈಗ ಮೀಟರ್ ಟರ್ಮಿನಲ್ಲಿನಲ್ಲೇ ಇಟ್ಟುಕೊಂಡು ಸೆಲ್ಫ್ ಹೊಡೆಯಿರಿ. ಎಂಜಿನ್ ತಿರುಗುವಾಗ 10 ವೋಲ್ಟಿಗಿಂತ ಮೇಲಿದ್ದರೆ ಬ್ಯಾಟರಿ ಗಟ್ಟಿ. 9.6ಕ್ಕಿಂತ ಕೆಳಗೆ ಕುಸಿದರೆ, ಅದೂ ಪೂರ್ತಿ ಚಾರ್ಜ್ ಆದ ಮೇಲೆ, ಬ್ಯಾಟರಿ ಬದಲಿಸಿ. ಆದರೆ ಅಲ್ಲಿಗೆ ಕೆಲಸ ಮುಗಿಯಿತು ಅನ್ನಬೇಡಿ. ಅದು ತಾನಾಗಿ ಸತ್ತಿತೋ ಯಾವುದೋ ಕೊಂದಿತೋ ಎಂಬುದು ಎರಡನೇ ಪರೀಕ್ಷೆಯಲ್ಲಿ ತಿಳಿಯುತ್ತದೆ.

ಲಿಥಿಯಂ ಬ್ಯಾಟರಿ ಹಾಕಿಸಿದ್ದರೆ ಮೇಲಿನ ಅಂಕಿಗಳು ಅನ್ವಯಿಸುವುದಿಲ್ಲ. ಅದರಲ್ಲಿ 12.8 ಕಂಡರೆ ಬಹಳಷ್ಟು ಖಾಲಿಯಾಗಿದೆ ಎಂದರ್ಥ, ತುಂಬಿದ್ದು 13.3ರ ಆಸುಪಾಸು ಇರುತ್ತದೆ. ಚಾರ್ಜಿಂಗ್ ವೋಲ್ಟೇಜ್ 15 ದಾಟುವ ಬೈಕಿಗೆ ಲಿಥಿಯಂ ಹಾಕಲೇಬಾರದು.

ಎರಡನೇ ಪರೀಕ್ಷೆ: ಚಾರ್ಜಿಂಗ್ ವೋಲ್ಟೇಜ್

ಎಂಜಿನ್ ಬಿಸಿಯಾದ ಮೇಲೆ, ಹೆಡ್‌ಲೈಟ್ ಹೈಬೀಮ್‌ನಲ್ಲಿ ಇಟ್ಟು, ಬ್ಯಾಟರಿ ಟರ್ಮಿನಲ್ಲಿನಲ್ಲಿ ಅಳೆಯಿರಿ. ಐಡಲ್‌ನಲ್ಲಿ 13 ಆಸುಪಾಸು, 5000 ಆರ್‌ಪಿಎಂನಲ್ಲಿ 14.0ರಿಂದ 14.7 ಬಂದರೆ ಆರೋಗ್ಯ. 5000ದಲ್ಲೂ 13.5 ದಾಟದಿದ್ದರೆ ದೋಷವಿದೆ. ಆರ್‌ಪಿಎಂ ಏರಿಸಿದಂತೆ ವೋಲ್ಟೇಜ್ ಏರದೆ ಇಳಿದರೆ ಆರ್‌ಆರ್ ಮೇಲೆ ಅನುಮಾನ ಗಟ್ಟಿ. 15ರ ಮೇಲೆ ಹೋದರೆ ಕೂಡಲೇ ಎಂಜಿನ್ ಆರಿಸಿ.

ತಣ್ಣಗಿದ್ದಾಗ ಎಲ್ಲ ಸರಿ ತೋರಿಸಿ ಬಿಸಿಯಾದಾಗ ಕೈಕೊಡುವ ಆರ್‌ಆರ್‌ಗಳು ಬಹಳ. ಆದ್ದರಿಂದ ಅರ್ಧ ಗಂಟೆ ಓಡಿಸಿ ಬಂದು, ಎಂಜಿನ್ ಆರಿಸದೆ, ಇದೇ ಅಳತೆ ಮತ್ತೊಮ್ಮೆ ಮಾಡಿ. ಎರಡೂ ಅಂಕಿ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮೊದಲ ಅಳತೆಗೂ ಎರಡನೆಯದಕ್ಕೂ ಅರ್ಧ ವೋಲ್ಟಿಗಿಂತ ಹೆಚ್ಚು ಅಂತರವಿದ್ದರೆ ಬಿಸಿಯೊಂದಿಗೆ ಕೆಡುವ ಏನೋ ಇದೆ: ಆರ್‌ಆರ್, ಕಪ್ಲರ್, ಅಥವಾ ಸ್ಟೇಟರಿನ ತಂತಿಯ ಮೇಲಿನ ವಾರ್ನಿಷ್ ಲೇಪ.

ಮೂರನೇ ಪರೀಕ್ಷೆ: ದಾರಿಯಲ್ಲಿ ಎಷ್ಟು ವೋಲ್ಟ್ ಕಳೆದುಹೋಗುತ್ತಿದೆ

ಹೆಚ್ಚಿನವರು ಬಿಡುವುದು ಇದನ್ನೇ, ಹೆಚ್ಚು ದೋಷ ಸಿಗುವುದೂ ಇಲ್ಲೇ. ಆರ್‌ಆರ್ 14.4 ಕೊಡುತ್ತಿದ್ದು ಬ್ಯಾಟರಿಗೆ 13.2 ತಲುಪುತ್ತಿದ್ದರೆ ನಡುವಿನ 1.2 ವೋಲ್ಟ್ ಯಾವುದೋ ಕಪ್ಲರ್‌ನಲ್ಲಿ ಬಿಸಿಯಾಗಿ ಹೋಗುತ್ತಿದೆ. ಹಾಗಿರುವಾಗ ಹೊಸ ಆರ್‌ಆರ್ ಹಾಕಿದರೆ ಅದೂ ಅದೇ ಪಾಡು ಪಡುತ್ತದೆ.

ಎಂಜಿನ್ 3000 ಆರ್‌ಪಿಎಂ, ಹೈಬೀಮ್ ಆನ್. ಮೀಟರ್ ಡಿಸಿ ವೋಲ್ಟ್‌ನಲ್ಲಿ. ಕೆಂಪು ಪ್ರೋಬನ್ನು ಆರ್‌ಆರ್‌ನಿಂದ ಹೊರಡುವ ಪಾಸಿಟಿವ್ ವೈರಿಗೆ ಕಪ್ಲರ್ ಹಿಂಬದಿಯಿಂದ ಗುಂಡುಸೂಜಿ ತೂರಿಸಿ ಮುಟ್ಟಿಸಿ. ಹೋಂಡಾದಲ್ಲಿ ಇದು ಬಿಳಿ ಗೆರೆಯ ಕೆಂಪು ವೈರು. ಕಪ್ಪು ಪ್ರೋಬ್ ಬ್ಯಾಟರಿಯ ಪ್ಲಸ್ ಟರ್ಮಿನಲ್ಲಿಗೆ. ಮೀಟರಿನಲ್ಲಿ ಕಾಣುವುದೇ ಆ ದಾರಿಯಲ್ಲಿ ಕಳೆದುಹೋಗುವ ವೋಲ್ಟೇಜ್. 0.2ರೊಳಗಿದ್ದರೆ ಚೆನ್ನ, 0.3ರವರೆಗೆ ತಡೆದುಕೊಳ್ಳಬಹುದು, 0.5 ದಾಟಿದರೆ ರಿಪೇರಿ ಆಗಲೇಬೇಕು. ಇದೇ ರೀತಿ ಆರ್‌ಆರ್‌ನ ಅರ್ಥ್ ವೈರಿಗೂ, ಹೋಂಡಾದಲ್ಲಿ ಹಸಿರು, ಬ್ಯಾಟರಿಯ ಮೈನಸ್‌ಗೂ ಅಳೆಯಿರಿ. ಅರ್ಥ್ ಕಡೆಯ ನಷ್ಟವನ್ನು ಯಾರೂ ಅಳೆಯುವುದಿಲ್ಲ, ಮಲೆನಾಡಿನ ಬೈಕಿನಲ್ಲಿ ಅದೇ ಹೆಚ್ಚು.

ಅರ್ಧ ವೋಲ್ಟ್ ಏನು ಮಹಾ ಅನ್ನಿಸಬಹುದು. 25 ಆಂಪ್ ಹರಿಯುವಾಗ ಅರ್ಧ ವೋಲ್ಟ್ ಎಂದರೆ ಹನ್ನೆರಡೂವರೆ ವ್ಯಾಟ್ ಶಾಖ, ಬೆರಳ ತುದಿಯಷ್ಟು ಜಾಗದಲ್ಲಿ. ಆ ಬಿಸಿಗೆ ಪಿನ್ನಿನ ಸ್ಪ್ರಿಂಗ್ ಬಿಗಿ ಕಳೆದುಕೊಳ್ಳುತ್ತದೆ, ಹಿಡಿತ ಸಡಿಲವಾದಂತೆ ಬಿಸಿ ಇನ್ನೂ ಏರುತ್ತದೆ. ಅಂಥ ಕಪ್ಲರ್ ನೋಡಿದರೆ ಗುರುತು ಸಿಗುತ್ತದೆ. ಬಿಳಿ ಪ್ಲಾಸ್ಟಿಕ್ ಒಂದು ತೂತಿನ ಸುತ್ತ ಮಾತ್ರ ಚಹಾದ ಬಣ್ಣಕ್ಕೆ ತಿರುಗಿರುತ್ತದೆ. ಆ ತೂತಿಗೆ ಹೋಗುವ ಹಳದಿ ವೈರಿನ ಕೊನೆಯ ಎರಡು ಇಂಚು ಕಂದು ಬಣ್ಣವಾಗಿ, ಬಗ್ಗಿಸಿದರೆ ಸಿಪ್ಪೆ ಬಿರುಕು ಬಿಡುತ್ತದೆ. ಲಾಕ್ ಒತ್ತಿದರೂ ಎರಡು ಅರ್ಧಗಳು ಬೇರೆಯಾಗುವುದಿಲ್ಲ, ಒಳಗೆ ಅಂಟಿಕೊಂಡಿರುತ್ತವೆ. ಎಳೆದು ಬಿಡಿಸಿದರೆ ಪಿನ್ ಮೇಲೆ ಕಪ್ಪು ಪದರ, ವೈರನ್ನು ಪಿನ್ನಿಗೆ ಒತ್ತಿ ಹಿಡಿದ ಕ್ರಿಂಪ್ ಹಿಂದೆ ಹಸಿರು ಪುಡಿ.

ಎಸಿ ಬದಿಯಲ್ಲೂ ಇದೇ ಅಳತೆ ಮಾಡಬಹುದು. ಮೀಟರನ್ನು ಎಸಿ ವೋಲ್ಟಿಗೆ ಇಟ್ಟು, ಒಂದೇ ಹಳದಿ ವೈರಿನ ಮೇಲೆ ಕಪ್ಲರ್‌ನ ಆಚೆ ಒಂದು ಪ್ರೋಬ್, ಈಚೆ ಒಂದು. ಮೂರೂ ವೈರುಗಳಲ್ಲಿ 0.1 ಅಥವಾ 0.2ಕ್ಕಿಂತ ಹೆಚ್ಚು ಬರಬಾರದು. ಒಂದರಲ್ಲಿ ಮಾತ್ರ ಹೆಚ್ಚು ಬಂದರೆ ಆ ಪಿನ್ ಹೋಗಿದೆ.

ಪಾಸಿಟಿವ್ ದಾರಿಯಲ್ಲಿ ನಷ್ಟ ಕಂಡರೆ 30 ಆಂಪ್ ಮುಖ್ಯ ಫ್ಯೂಸನ್ನೂ ನೋಡಿ. ಹಲವು ಹೋಂಡಾಗಳಲ್ಲಿ ಅದು ಸ್ಟಾರ್ಟರ್ ರಿಲೇ ಮೇಲೆಯೇ ಕೂತಿರುತ್ತದೆ, ಆ ರಿಲೇಯ ಕಪ್ಲರ್ ಕರಗುವುದು ಹಳೆಯ ಕಾಯಿಲೆ. ಫ್ಯೂಸ್ ಸುಟ್ಟಿರುವುದಿಲ್ಲ, ಅದರ ಕಾಲು ಮಾತ್ರ ನೀಲಿಗಟ್ಟಿರುತ್ತದೆ.

ನಾಲ್ಕನೇ ಪರೀಕ್ಷೆ: ಸ್ಟೇಟರ್

ಎಂಜಿನ್ ಆರಿಸಿ, ಮೂರು ಹಳದಿ ವೈರಿನ ಕಪ್ಲರ್ ಬಿಚ್ಚಿ. ಸ್ಟೇಟರ್ ಕಡೆಯ ಅರ್ಧದಲ್ಲಿ ಅಳೆಯಬೇಕು.

ಮೊದಲು ಅರ್ಥ್. ಮೀಟರ್ ಓಮ್‌ನಲ್ಲಿ, ಒಂದು ಪ್ರೋಬ್ ಹಳದಿ ಪಿನ್ನಿಗೆ, ಇನ್ನೊಂದು ಎಂಜಿನ್ನಿನ ಬರಿಯ ಲೋಹಕ್ಕೆ. ಮೂರೂ ಪಿನ್ನುಗಳಲ್ಲಿ ಓಪನ್, ಅಂದರೆ ಸಂಪರ್ಕವೇ ಇಲ್ಲ ಎಂದು ತೋರಿಸಬೇಕು. ಯಾವುದೇ ಅಂಕಿ ಬಂದರೂ ಸ್ಟೇಟರ್ ಬಾಡಿಗೆ ಶಾರ್ಟ್ ಆಗಿದೆ. ಮುಂದಿನ ಪರೀಕ್ಷೆ ಬೇಡ, ಬದಲಿಸಿ.

ನಂತರ ಜೋಡಿ ಜೋಡಿಯಾಗಿ: ಒಂದು-ಎರಡು, ಎರಡು-ಮೂರು, ಒಂದು-ಮೂರು. ವಿಎಫ್ಆರ್‌ನಂಥ ಬೈಕಿನಲ್ಲಿ 0.1ರಿಂದ 1 ಓಮ್ ಒಳಗೆ ಬರಬೇಕು. ಮೀಟರಿನ ಎರಡು ಪ್ರೋಬನ್ನು ಒಂದಕ್ಕೊಂದು ಮುಟ್ಟಿಸಿದಾಗ ಬರುವ ಅಂಕಿಯನ್ನು ಕಳೆಯುವುದು ಮರೆಯಬೇಡಿ. ನಿಜ ಹೇಳಬೇಕೆಂದರೆ ಸಾಧಾರಣ ಮೀಟರ್ ಇಷ್ಟು ಸಣ್ಣ ಓಮ್ ಅಳೆಯಲು ಸಾಲದು. ಓಪನ್ ಆಗಿದೆಯೇ ಎಂದು ನೋಡಲಷ್ಟೇ ಇದನ್ನು ನಂಬಿ. ಒಳಗೊಳಗೇ ಕೆಲವು ಸುತ್ತು ಶಾರ್ಟ್ ಆಗಿದ್ದರೆ ಓಮ್ ಅಳತೆಯಲ್ಲಿ ಸಿಕ್ಕಿಬೀಳುವುದಿಲ್ಲ.

ಅದನ್ನು ಹಿಡಿಯುವುದು ಎಸಿ ಪರೀಕ್ಷೆ. ಕಪ್ಲರ್ ಬಿಚ್ಚಿಟ್ಟುಕೊಂಡೇ ಎಂಜಿನ್ ಸ್ಟಾರ್ಟ್ ಮಾಡಿ. ಬ್ಯಾಟರಿ ತುಂಬಿರಬೇಕು, ಏಕೆಂದರೆ ಈಗ ಬೈಕು ಬ್ಯಾಟರಿಯ ಮೇಲೆಯೇ ಓಡುತ್ತದೆ. ಮೀಟರ್ 200 ವೋಲ್ಟ್ ಎಸಿ ರೇಂಜಿನಲ್ಲಿ. ಬರಿಗೈಯಲ್ಲಿ ಪಿನ್ ಮುಟ್ಟಬೇಡಿ, ಪ್ರೋಬ್ ಜಾರಿ ಎರಡು ಪಿನ್ ಕೂಡಿಕೊಳ್ಳದಂತೆ ನೋಡಿ. 5000 ಆರ್‌ಪಿಎಂನಲ್ಲಿ ಪ್ರತಿ ಜೋಡಿಯೂ 50ರಿಂದ 75 ವೋಲ್ಟ್ ಎಸಿ ಕೊಡುವುದು ಸಾಮಾನ್ಯ. ನಿಮ್ಮ ಬೈಕಿನ ನಿಖರ ಅಂಕಿ ಸರ್ವಿಸ್ ಮ್ಯಾನುಯಲ್‌ನಲ್ಲಿರುತ್ತದೆ. ಅಂಕಿಗಿಂತ ಮುಖ್ಯ ಮೂರೂ ಜೋಡಿ ಸಮ ಇರುವುದು. 62, 61, 62 ಬಂದರೆ ಸ್ಟೇಟರ್ ಗಟ್ಟಿ. 62, 41, 40 ಬಂದರೆ, ಕಡಿಮೆ ಬಂದ ಎರಡು ಜೋಡಿಗಳಲ್ಲೂ ಇರುವ ವೈರು ಯಾವುದೋ ಆ ಸುರುಳಿಯಲ್ಲಿ ಶಾರ್ಟ್ ಇದೆ. ಒಂದು ಜೋಡಿ ಸರಿ, ಮಿಕ್ಕೆರಡು ಸೊನ್ನೆಯ ಹತ್ತಿರ ಇದ್ದರೆ ಆ ವೈರು ಎಲ್ಲೋ ತುಂಡಾಗಿದೆ. ಮೂರೂ ಸಮನಾಗಿ ಕಡಿಮೆ ಇದ್ದರೆ ಮ್ಯಾಗ್ನೆಟ್ ದುರ್ಬಲವಾಗಿರಬಹುದು, ಇದು ಅಪರೂಪ.

ಸ್ಟೇಟರ್ ಪರೀಕ್ಷೆಯನ್ನೂ ಎಂಜಿನ್ ಬಿಸಿಯಿದ್ದಾಗಲೇ ಮಾಡಿ. ಒಣಗಿದ ವಾರ್ನಿಷ್ ತಣ್ಣಗಿದ್ದಾಗ ತಡೆದು, 100 ಡಿಗ್ರಿ ಎಣ್ಣೆಯಲ್ಲಿ ಬಿಟ್ಟುಕೊಡುತ್ತದೆ.

ಐದನೇ ಪರೀಕ್ಷೆ: ಆರ್‌ಆರ್

ಆರ್‌ಆರ್‌ನ ಎರಡೂ ಕಪ್ಲರ್ ಬಿಚ್ಚಿ, ಮೀಟರ್ ಡಯೋಡ್ ಚಿಹ್ನೆಗೆ. ಕೆಂಪು ಪ್ರೋಬ್ ಒಂದು ಹಳದಿ ಪಿನ್ನಿಗೆ, ಕಪ್ಪು ಪ್ರೋಬ್ ಆರ್‌ಆರ್‌ನ ಪಾಸಿಟಿವ್ ಪಿನ್ನಿಗೆ: 0.4ರಿಂದ 0.6 ಬರಬೇಕು. ಪ್ರೋಬ್ ಅದಲುಬದಲು ಮಾಡಿದರೆ ಓಪನ್. ಇದೇ ರೀತಿ ಮೂರೂ ಹಳದಿಗೆ. ನಂತರ ಕೆಂಪು ಪ್ರೋಬ್ ಅರ್ಥ್ ಪಿನ್ನಿಗೆ, ಕಪ್ಪು ಪ್ರೋಬ್ ಹಳದಿಗೆ: ಮತ್ತೆ 0.4ರಿಂದ 0.6, ತಿರುಗಿಸಿದರೆ ಓಪನ್. ಯಾವುದಾದರೊಂದು ಎರಡೂ ಕಡೆ ಸೊನ್ನೆ ತೋರಿಸಿದರೆ ಡಯೋಡ್ ಶಾರ್ಟ್; ಎರಡೂ ಕಡೆ ಓಪನ್ ಎಂದರೆ ಡಯೋಡ್ ಹಾರಿದೆ.

ಆರೂ ಡಯೋಡ್ ಸರಿ ಬಂದರೂ ಆರ್‌ಆರ್ ಸರಿ ಎನ್ನುವಂತಿಲ್ಲ. ಈ ಪರೀಕ್ಷೆ ರೆಕ್ಟಿಫೈಯರ್ ಅರ್ಧವನ್ನು ಮಾತ್ರ ನೋಡುತ್ತದೆ, ರೆಗ್ಯುಲೇಟರ್ ಅರ್ಧವನ್ನು ನೋಡುವುದಿಲ್ಲ. ಬ್ಯಾಟರಿ ಗಟ್ಟಿ, ದಾರಿಯ ನಷ್ಟವಿಲ್ಲ, ಸ್ಟೇಟರ್ ಸಮನಾಗಿದೆ, ಆದರೂ ವೋಲ್ಟೇಜ್ 13.5 ದಾಟುತ್ತಿಲ್ಲ ಅಥವಾ 15 ಮೀರುತ್ತಿದೆ ಎಂದಾದರೆ ಉಳಿದದ್ದು ಆರ್‌ಆರ್ ಒಂದೇ. ಬೇಡದ ಕರೆಂಟನ್ನು ಶಾರ್ಟ್ ಮಾಡದೆ ಕಡಿದುಹಾಕುವ ಸೀರೀಸ್ ಮಾದರಿಯ ಆರ್‌ಆರ್‌ಗೆ ಮೇಲಿನ ಡಯೋಡ್ ಅಂಕಿಗಳು ಹೊಂದುವುದಿಲ್ಲ, ಅದನ್ನು ನೋಡಿ ಹೊಸ ಯೂನಿಟ್ಟನ್ನು ಎಸೆಯಬೇಡಿ.

ಕೆಲವು ಮಾದರಿಗಳಲ್ಲಿ ವೋಲ್ಟೇಜ್ ಗಮನಿಸಲು ಬೇರೆಯೇ ಒಂದು ತೆಳು ಸೆನ್ಸ್ ವೈರು ಇರುತ್ತದೆ. ಅದರ ದಾರಿಯಲ್ಲಿ ಒಂದು ವೋಲ್ಟ್ ಕಳೆದುಹೋದರೆ ಬ್ಯಾಟರಿ ಇಳಿದಿದೆ ಎಂದುಕೊಂಡು ಆರ್‌ಆರ್ ಒಂದು ವೋಲ್ಟ್ ಹೆಚ್ಚು ತಳ್ಳುತ್ತದೆ. ಹಾಗಾಗಿ ಓವರ್‌ಚಾರ್ಜಿಂಗ್ ಕಂಡರೆ ಆರ್‌ಆರ್ ಕೊಳ್ಳುವ ಮೊದಲು ಆ ವೈರಿನಲ್ಲಿ ಬ್ಯಾಟರಿಯಷ್ಟೇ ವೋಲ್ಟೇಜ್ ಇದೆಯೇ ನೋಡಿ.

ನಿಲ್ಲಿಸಿದಾಗ ಸೋರುವ ಕರೆಂಟ್

ಕೀ ಆಫ್. ಬ್ಯಾಟರಿಯ ಮೈನಸ್ ಬಿಚ್ಚಿ, ಮೀಟರನ್ನು 10 ಆಂಪ್ ರೇಂಜಿನಲ್ಲಿ ಟರ್ಮಿನಲ್ಲಿಗೂ ವೈರಿಗೂ ನಡುವೆ ಸೇರಿಸಿ, ಕೆಲವು ನಿಮಿಷ ಬಿಡಿ. ಅಂಕಿ ಚಿಕ್ಕದಿದ್ದರೆ ಮಿಲಿಆಂಪ್ ರೇಂಜಿಗೆ ಬನ್ನಿ. ಮೀಟರ್ ಈ ಸ್ಥಿತಿಯಲ್ಲಿರುವಾಗ ಕೀ ತಿರುಗಿಸಿದರೆ ಮೀಟರಿನ ಫ್ಯೂಸ್ ಹೋಗುತ್ತದೆ. ಒಂದೆರಡು ಮಿಲಿಆಂಪ್ ಸಹಜ, ಐದು ದಾಟಿದರೆ ಹುಡುಕಬೇಕು. 20 ಮಿಲಿಆಂಪ್ ಸೋರಿದರೆ ದಿನಕ್ಕೆ ಅರ್ಧ ಆಂಪ್ ಅವರ್. 11 ಆಂಪ್ ಅವರ್ ಬ್ಯಾಟರಿ ಹನ್ನೊಂದು ದಿನದಲ್ಲಿ ಅರ್ಧ ಖಾಲಿ. ಜಿಪಿಎಸ್ ಟ್ರ್ಯಾಕರ್, ಬ್ಯಾಟರಿಗೆ ನೇರ ಕೊಟ್ಟ ಯುಎಸ್‌ಬಿ ಚಾರ್ಜರ್, ಆಮೇಲೆ ಹಾಕಿಸಿದ ಅಲಾರಂ, ಇವುಗಳನ್ನೇ ಮೊದಲು ಬಿಚ್ಚಿ. ಅವು ಯಾವುದೂ ಅಲ್ಲದಿದ್ದರೆ ಆರ್‌ಆರ್ ಕಪ್ಲರ್ ಬಿಚ್ಚಿ ನೋಡಿ. ಅಂಕಿ ಇಳಿದರೆ ಅದರ ಡಯೋಡ್ ಸೋರುತ್ತಿದೆ.

ರಿಪೇರಿ: ಕಪ್ಲರ್

ಸುಟ್ಟ ಕಪ್ಲರನ್ನು ಮರಳು ಕಾಗದದಿಂದ ಉಜ್ಜಿ, ಸ್ಪ್ರೇ ಹೊಡೆದು ಮತ್ತೆ ಕೂಡಿಸಿದರೆ ಅದು ಎರಡು ವಾರ ಬಾಳೀತು, ಅಷ್ಟೇ. ಬಿಗಿ ಕಳೆದುಕೊಂಡ ಪಿನ್ ಮತ್ತೆ ಬಿಗಿಯಾಗುವುದಿಲ್ಲ. ಎರಡೂ ಕಡೆ ವೈರನ್ನು ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ. ಒಳಗಿನ ಎಳೆಗಳು ಕಪ್ಪಾಗಿದ್ದರೆ ಇನ್ನೂ ಹಿಂದಕ್ಕೆ ಹೋಗಿ. ಸ್ಟೇಟರ್ ಕಡೆ ವೈರು ಗಿಡ್ಡವಾದರೆ 4 ಸ್ಕ್ವೇರ್ ಎಂಎಂ ಆಟೋ ಕೇಬಲ್ ಜೋಡಿಸಿ. ಮನೆ ವೈರಿಂಗಿನ ಕೇಬಲ್ ಬೇಡ, ಅದರ ದಪ್ಪ ಎಳೆಗಳು ಬೈಕಿನ ನಡುಕಕ್ಕೆ ಮುರಿಯುತ್ತವೆ.

ಮೂರು ಹಳದಿ ವೈರುಗಳಿಗೆ ಕಪ್ಲರ್ ಬೇಕೇ ಬೇಕು ಎಂದೇನಿಲ್ಲ. ಎರಡು ವೈರಿನ ತುದಿ ಕೂಡಿಸುವ ಬರಿಯ ತಾಮ್ರದ ಕೊಳವೆ, ಅಂದರೆ ಬಟ್ ಸ್ಲೀವ್ ಹಾಕಿ ಒಳ್ಳೆಯ ಕ್ರಿಂಪಿಂಗ್ ಪ್ಲೈಯರಿನಲ್ಲಿ ಒತ್ತಿ, ಮೇಲೆ ಒಳಗೆ ಅಂಟಿರುವ ಹೀಟ್ ಶ್ರಿಂಕ್ ಸ್ಲೀವ್ ಕೂರಿಸಿದರೆ ಬೈಕಿನ ಆಯಸ್ಸಿಗೆ ಸಾಕು. ಯಾವ ಹಳದಿ ಯಾವ ಹಳದಿಗೆ ಎಂಬ ಚಿಂತೆ ಬೇಡ, ಮೂರೂ ಒಂದೇ. ಸೋಲ್ಡರ್ ಮಾತ್ರ ನಂಬಬೇಡಿ. ಸೋಲ್ಡರ್ ಹೀರಿಕೊಂಡ ವೈರು ಕಡ್ಡಿಯಂತೆ ಗಟ್ಟಿಯಾಗಿ ಅದರ ಅಂಚಿನಲ್ಲೇ ತುಂಡಾಗುತ್ತದೆ, ಕಪ್ಲರ್ ತುಂಬ ಬಿಸಿಯಾದರೆ ಕರಗಲೂಬಹುದು. ಕಪ್ಲರ್ ಇರಲಿ ಎನ್ನುವವರು ನೀರು ನುಗ್ಗದ ಸೀಲ್ ಇರುವ, 30 ಆಂಪ್ ತಡೆಯುವ ಪಿನ್ನಿನದನ್ನೇ ತನ್ನಿ. ಬೆಂಗಳೂರಿನಲ್ಲಾದರೆ ಜೆ.ಸಿ. ರಸ್ತೆ, ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಬಿಡಿಯಾಗಿ ಸಿಗುತ್ತವೆ.

ಆರ್‌ಆರ್‌ನ ಪಾಸಿಟಿವ್ ಮತ್ತು ಅರ್ಥನ್ನು ಹಳೆಯ ವೈರಿಂಗಿನ ಜೊತೆಗೆ ನೇರವಾಗಿ ಬ್ಯಾಟರಿಗೂ ಎಳೆದರೆ ದಾರಿಯ ನಷ್ಟ 0.1ಕ್ಕೆ ಬರುತ್ತದೆ. 4 ಸ್ಕ್ವೇರ್ ಎಂಎಂ ಸಾಕು. ಪಾಸಿಟಿವ್ ವೈರಿಗೆ 30 ಆಂಪ್ ಫ್ಯೂಸ್, ಬ್ಯಾಟರಿಯಿಂದ ಗೇಣುದ್ದದೊಳಗೆ. ಫ್ಯೂಸ್ ಇಲ್ಲದೆ ಎಳೆದ ನೇರ ವೈರು ಫ್ರೇಮಿಗೆ ಉಜ್ಜಿದ ದಿನ ಬೆಂಕಿಯೇ.

ರಿಪೇರಿ: ಆರ್‌ಆರ್ ಮತ್ತು ಸ್ಟೇಟರ್

ಹಳೆಯ ಶಂಟ್ ಯೂನಿಟ್ಟಿನ ಜಾಗಕ್ಕೆ ಶಿಂಡೆಂಗೆನ್ ಕಂಪನಿಯ ಎಫ್‌ಎಚ್020ಎಎ ಎಂಬ ಮಾಸ್ಫೆಟ್ (ಒಂದು ಬಗೆಯ ಟ್ರಾನ್ಸಿಸ್ಟರ್) ಇರುವ ಆರ್‌ಆರ್ ಹಾಕುವುದು ಹಳೆಯ, ಪಳಗಿದ ದಾರಿ. ಅದು ತಾನು ಕಡಿಮೆ ಬಿಸಿಯಾಗುತ್ತದೆ, ಆದರೆ ಅದೂ ಶಂಟ್ ಮಾದರಿಯೇ. ಸ್ಟೇಟರಿಗೆ ಏನೂ ಆರಾಮವಿಲ್ಲ. ಎಸ್‌ಎಚ್847ನಂಥ ಸೀರೀಸ್ ಮಾದರಿ ಬೇಡದ ಕರೆಂಟನ್ನು ಶಾರ್ಟ್ ಮಾಡುವ ಬದಲು ಕಡಿದುಹಾಕುತ್ತದೆ, ಹಾಗಾಗಿ ಸ್ಟೇಟರ್ ತಣ್ಣಗಿರುತ್ತದೆ. ನಗರದ ಟ್ರಾಫಿಕ್‌ನಲ್ಲೇ ಹೆಚ್ಚು ಓಡುವ ಬೈಕಿಗೆ, ಅದರಲ್ಲೂ ಹೊಸ ಸ್ಟೇಟರ್ ಹಾಕಿದ ಮೇಲೆ, ಸೀರೀಸ್ ಯೂನಿಟ್ಟೇ ಸರಿ ಎಂಬುದು ನಮ್ಮ ಅಭಿಪ್ರಾಯ. ವಾರ್ನಿಷ್ ಸೀದ ಹಳೆಯ ಸ್ಟೇಟರಿಗೆ ಅದನ್ನು ಕಟ್ಟುವಾಗ ಯೋಚಿಸಿ: ಕರೆಂಟ್ ಕಡಿದ ಕ್ಷಣದಲ್ಲಿ ವೋಲ್ಟೇಜ್ ಏರುವುದರಿಂದ ದುರ್ಬಲ ಜಾಗದಲ್ಲಿ ತೂತು ಬೀಳುವ ಸಂಭವವಿದೆ.

ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಇದೇ ನಂಬರಿನ ಯೂನಿಟ್ಟುಗಳಲ್ಲಿ ನಕಲಿ ಬಹಳ. ಅಪಘಾತವಾದ ಬೈಕಿನಿಂದ ಬಿಚ್ಚಿದ ಅಸಲಿ ಹಳೆಯದು ಹೊಸ ನಕಲಿಗಿಂತ ಮೇಲು. ಕೂರಿಸುವಾಗ ಲೋಹಕ್ಕೆ ಲೋಹ ಚೆನ್ನಾಗಿ ತಾಗುವ, ಗಾಳಿ ಬೀಸುವ ಜಾಗ ನೋಡಿ, ನಡುವೆ ಥರ್ಮಲ್ ಪೇಸ್ಟ್ ತೆಳುವಾಗಿ ಹಚ್ಚಿ.

ಸ್ಟೇಟರ್ ಬದಲಿಸುವುದು ಕಷ್ಟದ ಕೆಲಸವೇನಲ್ಲ. ಬಹುತೇಕ ಬೈಕುಗಳಲ್ಲಿ ಎಡಗಡೆಯ ಕವರಿನೊಳಗೆ ಇರುತ್ತದೆ. ಮ್ಯಾಗ್ನೆಟ್ ಸೆಳೆತಕ್ಕೆ ಕವರ್ ಒಮ್ಮೆಲೇ ಹಿಂದಕ್ಕೆ ಬಡಿಯುತ್ತದೆ, ಬೆರಳು ಅಂಚಿನಲ್ಲಿ ಇಡಬೇಡಿ. ಸ್ವಲ್ಪ ಎಣ್ಣೆ ಸುರಿಯುತ್ತದೆ, ಕೆಳಗೆ ತಟ್ಟೆ ಇರಲಿ. ಕವರನ್ನು ಜಾಗಕ್ಕೆ ಕೂರಿಸುವ ಎರಡು ಡೋವೆಲ್ ಪಿನ್ ಕಳೆದುಹೋಗದಂತೆ ನೋಡಿ. ಒಳ್ಳೆಯ ಸ್ಟೇಟರಿನ ಸುರುಳಿ ಜೇನಿನ ಬಣ್ಣದ್ದು. ಎರಡು ಮೂರು ಸುರುಳಿ ಇದ್ದಿಲಿನಂತಾಗಿ ಎಣ್ಣೆ ಸೀದ ವಾಸನೆ ಬಂದರೆ ಮೀಟರ್ ಹೇಳಿದ್ದು ಖಾತ್ರಿಯಾಯಿತು. ಹಳೆ ಗ್ಯಾಸ್ಕೆಟ್ ಪೂರ್ತಿ ಕೆರೆದು ಹೊಸದನ್ನೇ ಹಾಕಿ, ವೈರು ಹೊರಬರುವ ರಬ್ಬರಿಗೆ ಸೀಲಂಟ್ ಹಚ್ಚಿ, 6 ಎಂಎಂ ಬೋಲ್ಟುಗಳನ್ನು ಅಡ್ಡಡ್ಡವಾಗಿ 12 ನ್ಯೂಟನ್ ಮೀಟರಿಗೆ ಬಿಗಿಯಿರಿ. ಸ್ಟೇಟರನ್ನು ಹಿಡಿಯುವ ಬೋಲ್ಟುಗಳಿಗೆ ಸಡಿಲವಾಗದಂತೆ ಹಿಡಿಯುವ ಥ್ರೆಡ್‌ಲಾಕ್ ಅಂಟು ಬೇಕು. ಹಳೆಯ ಸ್ಟೇಟರಿಗೇ ಹೊಸ ತಂತಿ ಸುತ್ತಿಸಿ ರೀವೈಂಡಿಂಗ್ ಮಾಡಿಸುವುದಾದರೆ 200 ಡಿಗ್ರಿ ದರ್ಜೆಯ ಎನಾಮೆಲ್ ತಂತಿ, ಎಣ್ಣೆ ತಡೆಯುವ ವಾರ್ನಿಷ್ ಎರಡನ್ನೂ ಕೇಳಿ ಮಾಡಿಸಿ. ನೀರಿನ ಪಂಪಿನ ಮೋಟಾರಿಗೆ ಹಾಕುವ ಸಾಧಾರಣ ತಂತಿ ಬಿಸಿ ಎಂಜಿನ್ ಎಣ್ಣೆಯಲ್ಲಿ ಹೆಚ್ಚು ದಿನ ಬಾಳುವುದಿಲ್ಲ.

ಸ್ಟೇಟರ್ ಸುಟ್ಟಿದ್ದರೆ ಆರ್‌ಆರ್ ಪರೀಕ್ಷೆ, ಆರ್‌ಆರ್ ಸುಟ್ಟಿದ್ದರೆ ಸ್ಟೇಟರ್ ಪರೀಕ್ಷೆ ತಪ್ಪಿಸಬೇಡಿ. ಒಂದು ಸತ್ತರೆ ಇನ್ನೊಂದನ್ನು ಜೊತೆಗೆ ಎಳೆದುಕೊಂಡು ಹೋಗುವುದು ಸಾಮಾನ್ಯ. ಎಲ್ಲ ಜೋಡಿಸಿದ ಮೇಲೆ ಎರಡನೇ ಮತ್ತು ಮೂರನೇ ಪರೀಕ್ಷೆ ಮತ್ತೆ ಮಾಡಿ ಅಂಕಿ ಬರೆದಿಡಿ. ಪ್ರತಿ ಮಳೆಗಾಲ ಮುಗಿದ ಮೇಲೆ ಆ ಅಂಕಿಯ ಜೊತೆ ಹೋಲಿಸಿದರೆ ಕಪ್ಲರ್ ಸುಡುವ ಎಷ್ಟೋ ಮೊದಲೇ ಗೊತ್ತಾಗುತ್ತದೆ. ವಾಟರ್ ಸರ್ವಿಸಿಗೆ ಬಿಟ್ಟಾಗ ಸೀಟಿನ ಕೆಳಗೆ ಪ್ರೆಷರ್ ನೀರು ಹೊಡೆಯದಂತೆ ಎದುರಿಗೆ ನಿಂತು ಹೇಳಿ.

ದಾರಿಯಲ್ಲಿ ಚಾರ್ಜಿಂಗ್ ನಿಂತರೆ

ಹ್ಯಾಂಡಲ್ ಹತ್ತಿರ ಒಂದು ಪುಟ್ಟ ವೋಲ್ಟ್ ಮೀಟರ್ ಇದ್ದರೆ ದೋಷ ಗೊತ್ತಾಗುವುದು ಬೈಕು ನಿಲ್ಲುವ ಮೊದಲೇ. ಅದರ ವೈರು ಕೀ ಆನ್ ಆದಾಗ ಮಾತ್ರ ಕರೆಂಟ್ ಬರುವ ಕಡೆಯಿಂದ ಬರಲಿ. ಓಡುವಾಗ 12.5 ಕಂಡರೆ ನೀವು ಬ್ಯಾಟರಿಯ ಮೇಲೆ ಓಡುತ್ತಿದ್ದೀರಿ. ಫ್ಯೂಯಲ್ ಪಂಪ್, ಇಸಿಯು, ಇಗ್ನಿಷನ್, ಹೆಡ್‌ಲೈಟ್ ಸೇರಿ 10 ಆಂಪಿನ ಆಸುಪಾಸು ಎಳೆಯುತ್ತವೆ. 11 ಆಂಪ್ ಅವರ್ ಬ್ಯಾಟರಿ ಮುಕ್ಕಾಲು ಗಂಟೆ ತಡೆದರೆ ಹೆಚ್ಚು. ಎಂಜಿನ್ ಆರಿಸಬೇಡಿ, ಒಂದು ಸೆಲ್ಫ್ ತಿನ್ನುವ ಕರೆಂಟಿನಲ್ಲಿ ಎಷ್ಟೋ ದೂರ ಹೋಗಬಹುದು. ಹೀಟೆಡ್ ಗ್ರಿಪ್, ಆಕ್ಸಿಲರಿ ಲೈಟ್, ಫೋನ್ ಚಾರ್ಜರ್ ಎಲ್ಲ ಆಫ್. 2017ರ ಏಪ್ರಿಲ್ 1ರಿಂದ ಭಾರತದಲ್ಲಿ ಬಂದ ಬೈಕುಗಳಿಗೆ ಹೆಡ್‌ಲೈಟ್ ಆರಿಸುವ ಸ್ವಿಚ್ ಇಲ್ಲ. ಹಗಲಾದರೆ, ತುರ್ತಿಗಷ್ಟೇ, ಅದರ ಫ್ಯೂಸ್ ತೆಗೆಯಬಹುದು. ಕತ್ತಲಾದರೆ ಲೈಟ್ ಆರಿಸಿ ಓಡಿಸುವ ಸಾಹಸ ಬೇಡ, ಘಾಟಿಯಲ್ಲಂತೂ ಬೇಡವೇ ಬೇಡ.

ನಿಂತೇ ಹೋದರೆ ತಳ್ಳಿ ಸ್ಟಾರ್ಟ್ ಮಾಡುವುದು ಇಂಥ ಬೈಕಿನಲ್ಲಿ ನಡೆಯುವುದು ಕಷ್ಟ. ಬ್ಯಾಟರಿ ಪೂರ್ತಿ ಇಳಿದಿದ್ದರೆ ಪಂಪಿಗೂ ಇಸಿಯುಗೂ ಜೀವ ಬರುವುದಿಲ್ಲ, 250 ಕಿಲೋ ಬೈಕು ತಳ್ಳಿದವರ ಬೆನ್ನು ಮಾತ್ರ ಹಿಡಿದುಕೊಳ್ಳುತ್ತದೆ. ಕಾರಿನ ಬ್ಯಾಟರಿಯಿಂದ ಕೇಬಲ್ ಎಳೆದು ಜಂಪ್ ಸ್ಟಾರ್ಟ್ ಮಾಡುವುದಾದರೆ ಕಾರಿನ ಎಂಜಿನ್ ಆರಿಸಿರಲಿ. ಮೊದಲು ಪ್ಲಸ್‌ನಿಂದ ಪ್ಲಸ್‌ಗೆ, ಆಮೇಲೆ ಕಾರಿನ ಮೈನಸ್‌ನಿಂದ ಬೈಕಿನ ಎಂಜಿನ್ ಲೋಹಕ್ಕೆ, ಬಿಚ್ಚುವಾಗ ತಿರುಗುಮುರುಗು. ಸ್ಟಾರ್ಟ್ ಆದ ಮೇಲೆ ಹಳದಿ ವೈರಿನ ಕಪ್ಲರನ್ನು ಒಮ್ಮೆ ಮುಟ್ಟಿ ನೋಡಿ. ಅದು ಕರಗಿ ಸಡಿಲವಾಗಿದ್ದಷ್ಟೇ ದೋಷವಾದರೆ ಎಂಜಿನ್ ಆರಿಸಿ, ವೈರು ಕತ್ತರಿಸಿ, ಮೂರನ್ನೂ ಬೇರೆ ಬೇರೆಯಾಗಿ ಹುರಿ ಹೊಸೆದು, ಪ್ರತಿಯೊಂದಕ್ಕೂ ಪ್ರತ್ಯೇಕ ಟೇಪ್ ಸುತ್ತಿ ಮನೆ ಸೇರಬಹುದು. ಟೂಲ್ ಕಿಟ್ಟಿನಲ್ಲಿ ಮೂರು ಬಟ್ ಸ್ಲೀವ್, ಒಂದು ಸಣ್ಣ ಕ್ರಿಂಪಿಂಗ್ ಪ್ಲೈಯರ್, ಎರಡು 30 ಆಂಪ್ ಫ್ಯೂಸ್ ಇಟ್ಟುಕೊಂಡರೆ ಟೇಪಿನ ಕೆಲಸವೂ ಬೇಕಿಲ್ಲ.